ಸತತ ಗೆಲುವಿನ ಸಂಖ್ಯೆಯ ಜೊತೆಗೆ ಇನ್ನೊಂದು ಸಾಲು ಬೇಕು: ಕ್ರೀಡಾ ಸಂಪಾದಕರಿಗೂ ವೀಕ್ಷಕ ವಿವರಣೆಗಾರರಿಗೂ ಬಹಿರಂಗ ಪತ್ರ

ಮಾನ್ಯರೇ,

ಫುಟ್‌ಬಾಲ್ ತಂಡವೊಂದು ಸತತ ಎಂಟೋ ಹತ್ತೋ ಪಂದ್ಯ ಗೆದ್ದರೆ ಸಾಕು, ನಿಮ್ಮ ಶೀರ್ಷಿಕೆಗಳಲ್ಲಿ ನಾಗಾಲೋಟ, ವಿಜಯಯಾತ್ರೆ, ಅಶ್ವಮೇಧ ಎಲ್ಲವೂ ಒಟ್ಟಿಗೇ ಹೊರಡುತ್ತವೆ. ಅಶ್ವಮೇಧದ ಕುದುರೆಯ ಹೆಚ್ಚುಗಾರಿಕೆ ಅದು ಎಷ್ಟು ಹರದಾರಿ ನಡೆಯಿತು ಎನ್ನುವುದರಲ್ಲಿ ಇರಲಿಲ್ಲ, ಯಾರ ಯಾರ ಸೀಮೆ ದಾಟಿತು ಎನ್ನುವುದರಲ್ಲಿತ್ತು. ನೀವು ಮಾತ್ರ ಹರದಾರಿಯನ್ನಷ್ಟೇ ಎಣಿಸುತ್ತಿದ್ದೀರಿ.

ನಮ್ಮ ತಕರಾರು ಗೆದ್ದ ತಂಡಗಳ ಮೇಲಲ್ಲ, ಈ ಎಣಿಕೆಯ ಮೇಲೆ. ಸರಣಿಯ ಉದ್ದವೊಂದನ್ನೇ ಹೇಳಿದರೆ ಓದುಗರಿಗೆ ತಂಡದ ಬಗ್ಗೆ ಹೆಚ್ಚೇನೂ ತಿಳಿಯುವುದಿಲ್ಲ. ಒಂದೇ ಸಂಖ್ಯೆ ಒಂದು ತಂಡದ ಮಟ್ಟಿಗೆ ಮಾಮೂಲಿಯಾಗಿರುತ್ತದೆ, ಇನ್ನೊಂದರ ಮಟ್ಟಿಗೆ ಅಪರೂಪವಾಗಿರುತ್ತದೆ. ಕೆಲವು ಸಲ ನಿಜವಾದ ದೊಡ್ಡ ಸಾಧನೆಯನ್ನು ಆ ಸಂಖ್ಯೆಯೇ ಮುಚ್ಚಿಬಿಡುತ್ತದೆ.

ಮೊದಲು ಲೆಕ್ಕ. ಒಂದು ತಂಡ ಪ್ರತಿ ಪಂದ್ಯ ಗೆಲ್ಲುವ ಸಂಭವ ಶೇ 80 ಎಂದಿಟ್ಟುಕೊಳ್ಳಿ. ಇದು ಬಹಳ ದೊಡ್ಡ ಮಟ್ಟ, ಯಾವ ಲೀಗ್‌ನಲ್ಲೂ ಒಂದೆರಡು ತಂಡಗಳಿಗೆ ಮಾತ್ರ ಒದಗುವಂಥದ್ದು. ಇಂಥ ತಂಡ ಇಂದಿನಿಂದ ಸತತ 18 ಪಂದ್ಯ ಗೆಲ್ಲುವ ಸಂಭವ 0.8ನ್ನು 18 ಸಲ ಗುಣಿಸಿದಷ್ಟು, ಅಂದರೆ ಶೇ 1.8. ಇಷ್ಟೇ ನೋಡಿದರೆ ಪವಾಡವೇ ಸರಿ. ಆದರೆ ಸರಣಿ ಇಂಥ ದಿನವೇ ಶುರುವಾಗಬೇಕೆಂದು ಯಾರೂ ಮೊದಲೇ ಗುರುತು ಹಾಕಿರುವುದಿಲ್ಲ. 38 ಪಂದ್ಯಗಳ ಋತುವಿನಲ್ಲಿ ಅದು ಎಲ್ಲಿ ಬೇಕಾದರೂ ಶುರುವಾಗಬಹುದು. ಹಾಗೆ ಎಣಿಸಿದರೆ ಸಂಭವ ಶೇ 9ಕ್ಕೆ ಏರುತ್ತದೆ. ಅದೇ ಮಟ್ಟದ ಹತ್ತು ತಂಡಗಳನ್ನು ಬೇರೆ ಬೇರೆ ದೇಶಗಳಲ್ಲಿ ಹತ್ತು ಋತು ಆಡಲು ಬಿಟ್ಟರೆ ಇಂಥ ಒಂಬತ್ತು ಸರಣಿಗಳನ್ನು ನಿರೀಕ್ಷಿಸಬಹುದು. ಪ್ರತಿ ಸಲವೂ ಶೀರ್ಷಿಕೆ 'ಚರಿತ್ರೆಯಲ್ಲೇ ಕಂಡಿಲ್ಲ' ಎನ್ನುತ್ತದೆ.

ಋತುವೊಂದರ ಅತಿ ಉದ್ದದ ಸರಣಿ ಎಷ್ಟಿರಬಹುದು ಎಂದು ಅಂದಾಜು ಮಾಡಲು ಒಂದು ದಾರಿ ಇದೆ. ಪಂದ್ಯಗಳ ಸಂಖ್ಯೆಯನ್ನು ಗೆಲ್ಲದಿರುವ ಸಂಭವದಿಂದ ಗುಣಿಸಿ, ಅದರ ಲಾಗರಿತಮ್ ತೆಗೆದುಕೊಳ್ಳಿ. ಅದನ್ನು, 1ನ್ನು ಗೆಲ್ಲುವ ಸಂಭವದಿಂದ ಭಾಗಿಸಿ ಬಂದದ್ದರ ಲಾಗರಿತಮ್‌ನಿಂದ ಭಾಗಿಸಿ. 38 ಪಂದ್ಯಗಳಿಗೆ, ಅರ್ಧದಷ್ಟು ಗೆಲ್ಲುವ ತಂಡಕ್ಕೆ ಉತ್ತರ 4ರ ಆಸುಪಾಸು, ಶೇ 70 ಗೆಲ್ಲುವ ತಂಡಕ್ಕೆ 7ರ ಆಸುಪಾಸು, ಶೇ 80ಕ್ಕೆ 9. ಈ ಅಂದಾಜು ಸಾಮಾನ್ಯವಾಗಿ ತುಸು ಕಡಿಮೆಯೇ ತೋರಿಸುತ್ತದೆ. ಹಾಗಾಗಿ ಪ್ರಬಲ ತಂಡವೊಂದು ಸತತ ಎಂಟು ಗೆದ್ದರೆ ಅದು ಸುದ್ದಿಯಲ್ಲ, ಅದರ ದಿನಚರಿ. ಅದೇ ಎಂಟನ್ನು ಪಟ್ಟಿಯ ಮಧ್ಯದಲ್ಲಿರುವ ತಂಡ ಗೆದ್ದರೆ ಮಾತ್ರ ಏನೋ ಬದಲಾಗಿದೆ ಎಂದು ಹುಡುಕಬೇಕು: ಹೊಸ ಕೋಚ್, ಗಾಯದಿಂದ ಮರಳಿದ ಆಟಗಾರ, ಇಲ್ಲವೇ ಬರೀ ಸುಲಭದ ವೇಳಾಪಟ್ಟಿ.

ಈಗ ನಿಜವಾದ ಉದಾಹರಣೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ 2017ರ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಸತತ 18 ಪಂದ್ಯ ಗೆದ್ದಿತು. ಲಿವರ್‌ಪೂಲ್ 2019ರ ಅಕ್ಟೋಬರ್‌ನಿಂದ 2020ರ ಫೆಬ್ರುವರಿವರೆಗೆ ಅಷ್ಟೇ ಗೆದ್ದಿತು. ತಮಾಷೆಯೆಂದರೆ ತಮ್ಮ ತಮ್ಮ ಆ ಋತುವಿನಲ್ಲಿ ಎರಡೂ ತಂಡಗಳ ಒಟ್ಟು ಗೆಲುವು ಒಂದೇ: 38ರಲ್ಲಿ 32. ಈ 32 ಗೆಲುವುಗಳನ್ನೂ ಗೆಲ್ಲದ 6 ಪಂದ್ಯಗಳನ್ನೂ ಚೀಟಿಗಳಲ್ಲಿ ಬರೆದು, ಕಲಸಿ, ಸಾಲಾಗಿ ಇಟ್ಟರೆ ಏನಾಗುತ್ತದೆ? ಎಲ್ಲ ಜೋಡಣೆಗಳೂ ಸೇರಿ 27,60,681. ಅವುಗಳಲ್ಲಿ ಶೇ 81ರಷ್ಟರಲ್ಲಿ ಕನಿಷ್ಠ 10 ಗೆಲುವಿನ ಸರಣಿ ಇದ್ದೇ ಇರುತ್ತದೆ. ಶೇ 56ರಲ್ಲಿ 12 ಅಥವಾ ಹೆಚ್ಚು, ಶೇ 26ರಲ್ಲಿ 15 ಅಥವಾ ಹೆಚ್ಚು. 18 ಅಥವಾ ಹೆಚ್ಚು ಸಿಗುವುದು ಶೇ 10ಕ್ಕಿಂತ ತುಸು ಕಡಿಮೆ ಜೋಡಣೆಗಳಲ್ಲಿ.

ಅಂದರೆ 32 ಪಂದ್ಯ ಗೆದ್ದ ತಂಡಕ್ಕೆ 12ರ ಸರಣಿ ಅರ್ಧಕ್ಕಿಂತ ಹೆಚ್ಚು ಸಲ ತಾನಾಗಿಯೇ ಬರುತ್ತದೆ. 18 ಕೂಡ ಹತ್ತಕ್ಕೊಂದು. ನಿಜವಾಗಿ ಬೆರಗಾಗಬೇಕಾದದ್ದು 32ಕ್ಕೆ. ಸೋಲು ಮತ್ತು ಡ್ರಾಗಳು ಒಂದೆಡೆ ಗುಂಪಾಗಿ ಬಿದ್ದವೋ ಚದುರಿ ಬಿದ್ದವೋ ಎನ್ನುವುದರ ಮೇಲೆ 18 ನಿಂತಿದೆ, ಆ ಚದುರುವಿಕೆಯಲ್ಲಿ ಅದೃಷ್ಟದ ಪಾಲು ದೊಡ್ಡದು.

ಈ ಚೀಟಿ ಪರೀಕ್ಷೆ ಯಾರು ಬೇಕಾದರೂ ಮಾಡಬಹುದು. ಸ್ಪ್ರೆಡ್‌ಶೀಟ್‌ನ ಒಂದು ಕಾಲಂನಲ್ಲಿ ಫಲಿತಾಂಶಗಳನ್ನು ಬರೆಯಿರಿ, ಗೆಲುವಿಗೆ 1, ಉಳಿದದ್ದಕ್ಕೆ 0. ಪಕ್ಕದ ಕಾಲಂನಲ್ಲಿ ಯಾದೃಚ್ಛಿಕ ಸಂಖ್ಯೆಗಳನ್ನು ತುಂಬಿಸಿ, ಅದರ ಪ್ರಕಾರ ಸಾಲುಗಳನ್ನು ಜೋಡಿಸಿ, ಅತಿ ಉದ್ದದ 1ರ ಸಾಲು ಎಣಿಸಿ. ನೂರು ಸಲ ಮಾಡಿದರೆ ಒಂದು ಅಂದಾಜು ಸಿಗುತ್ತದೆ, ಸಾವಿರ ಸಲ ಮಾಡಿದರೆ ಸಾಕಷ್ಟು ನಂಬಬಹುದು. ನಿಜವಾದ ಸರಣಿ ಆ ಸಾವಿರದಲ್ಲಿ ಎಷ್ಟನೇ ಸ್ಥಾನದಲ್ಲಿದೆ ಎಂದು ನೋಡಿದರೆ ಆಯಿತು. ಇಲ್ಲೊಂದು ಎಚ್ಚರಿಕೆ ಬೇಕು: ಸರಣಿ ಇನ್ನೂ ನಡೆಯುತ್ತಿರುವಾಗ, ಆ ಸರಣಿಯ ಗೆಲುವುಗಳನ್ನೇ ಸೇರಿಸಿಕೊಂಡು ತಂಡದ ಗೆಲುವಿನ ಪ್ರಮಾಣ ಲೆಕ್ಕಹಾಕಬೇಡಿ. ಹಾಗೆ ಮಾಡಿದರೆ ಯಾವ ಸರಣಿಯೂ ಸಹಜವಾಗಿಯೇ ಕಾಣುತ್ತದೆ. ಸರಣಿ ಶುರುವಾಗುವ ಮುಂಚಿನ 38 ಪಂದ್ಯಗಳ ಪ್ರಮಾಣವನ್ನು ಆಧಾರವಾಗಿಟ್ಟುಕೊಳ್ಳಿ. ಅಷ್ಟರಲ್ಲಿ ಅರ್ಧ ತಂಡವೇ ಬದಲಾಗಿದ್ದರೆ ಆ ಆಧಾರವೂ ನಿಲ್ಲುವುದಿಲ್ಲ.

ಇನ್ನು ಲಿವರ್‌ಪೂಲ್ ಕಡೆಗೆ. ಅವರ 18ರ ಹಿಂದೆ ಇನ್ನೊಂದು ಸರಣಿ ಇತ್ತು. 2018–19ರ ಕೊನೆಯ 9 ಲೀಗ್ ಪಂದ್ಯಗಳನ್ನೂ ಮುಂದಿನ ಋತುವಿನ ಮೊದಲ 8 ಪಂದ್ಯಗಳನ್ನೂ ಅವರು ಗೆದ್ದಿದ್ದರು, ಒಟ್ಟು 17. ಆಮೇಲೆ 2019ರ ಅಕ್ಟೋಬರ್ 20ರಂದು ಓಲ್ಡ್ ಟ್ರಾಫರ್ಡ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ 1–1 ಡ್ರಾ, ಅದೂ ಲಿವರ್‌ಪೂಲ್‌ನ ಲಲಾನಾ 85ನೇ ನಿಮಿಷದಲ್ಲಿ ಸಮಬಲ ಮಾಡಿದ್ದರಿಂದ. ನಂತರ ಮತ್ತೆ 18. ಒಟ್ಟಾಗಿ ನೋಡಿದರೆ 36 ಲೀಗ್ ಪಂದ್ಯ, 35 ಗೆಲುವು, 1 ಡ್ರಾ. ಇದು 18ಕ್ಕಿಂತ ಎಷ್ಟೋ ಪಾಲು ದೊಡ್ಡ ವಿಷಯ. ಆದರೆ ಸರಣಿ ಎಣಿಸುವವರಿಗೆ ಒಂದು ಡ್ರಾ ಬಂದ ಕೂಡಲೇ ಮೀಟರ್ ಸೊನ್ನೆಗೆ ಇಳಿಯುತ್ತದೆ. ಹೀಗಾಗಿ ದಾಖಲೆ ಪುಸ್ತಕದಲ್ಲಿ ಸಿಟಿಯ 18, ಲಿವರ್‌ಪೂಲ್‌ನ 18 ಎಂದು ಎರಡೂ ಒಂದೇ ಸಾಲಿನಲ್ಲಿ ಕೂತಿವೆ. ನಮ್ಮನ್ನು ಕೇಳಿದರೆ ಆಧುನಿಕ ಇಂಗ್ಲಿಷ್ ಫುಟ್‌ಬಾಲ್‌ನ ಅತಿ ಗಟ್ಟಿಯಾದ ಗೆಲುವಿನ ಓಟ ಲಿವರ್‌ಪೂಲ್‌ನ ಆ 36 ಪಂದ್ಯಗಳದ್ದು. ಅದಕ್ಕೊಂದು ಹೆಸರೂ ಇಲ್ಲ.

ಫುಟ್‌ಬಾಲ್‌ನಲ್ಲಿ ಸರಣಿ ಇಷ್ಟು ಸುಲಭವಾಗಿ ಕಡಿಯುವುದೇಕೆ? ಗೋಲುಗಳು ಕಡಿಮೆ. ಒಂದು ತಂಡ ಸರಾಸರಿ 2 ಗೋಲಿನಷ್ಟು ಅವಕಾಶ ಸೃಷ್ಟಿಸಿ, ಎದುರಾಳಿಗೆ 1 ಗೋಲಿನಷ್ಟು ಮಾತ್ರ ಬಿಟ್ಟುಕೊಟ್ಟಿತು ಎನ್ನಿ. ಸರಾಸರಿಯಿಂದ ಎಷ್ಟು ಗೋಲು ಬರುವ ಸಂಭವ ಎಷ್ಟೆಂದು ಹೇಳುವ ಪಾಯಿಸಾನ್ ವಿತರಣೆಯ ಲೆಕ್ಕದಲ್ಲಿ ಅದು ಗೆಲ್ಲುವುದು ಶೇ 61 ಸಲ, ಡ್ರಾ ಶೇ 21, ಸೋಲು ಶೇ 18. 3 ಗೋಲಿನಷ್ಟು ಸೃಷ್ಟಿಸಿ 0.8ರಷ್ಟು ಮಾತ್ರ ಬಿಟ್ಟುಕೊಟ್ಟರೂ ಗೆಲುವು ಶೇ 81ರ ಹತ್ತಿರ ನಿಲ್ಲುತ್ತದೆ. ಅಷ್ಟು ಏಕಪಕ್ಷೀಯ ಆಟದಲ್ಲೂ ಐದಕ್ಕೆ ಒಂದು ಪಂದ್ಯ ಕೈತಪ್ಪುತ್ತದೆ. ಆದ್ದರಿಂದ ಬಹಳ ಉದ್ದದ ಸರಣಿಯೊಳಗೆ ಕೂದಲೆಳೆಯಲ್ಲಿ ಪಾರಾದ ಪಂದ್ಯಗಳು ಇದ್ದೇ ಇರುತ್ತವೆ, ಹುಡುಕಿದರೆ ಸಿಗುತ್ತವೆ.

ಸಿಟಿಯ 18ರಲ್ಲಿ ಹುಡುಕಿ. ಬೋರ್ನ್‌ಮತ್ ವಿರುದ್ಧ ಸಿಟಿ ಆಟಗಾರ ಸ್ಟರ್ಲಿಂಗ್ ಅವರ ಗೋಲು ಬಂದದ್ದು ಹೆಚ್ಚುವರಿ ಸಮಯದ ಏಳನೇ ನಿಮಿಷದಲ್ಲಿ. ಹಡರ್ಸ್‌ಫೀಲ್ಡ್ ವಿರುದ್ಧ ಅವರದೇ ಗೆಲುವಿನ ಗೋಲು 84ನೇ ನಿಮಿಷದಲ್ಲಿ. ಮೂರು ದಿನ ಬಿಟ್ಟು ಸೌತಾಂಪ್ಟನ್ ವಿರುದ್ಧ ಮತ್ತೆ ಅವರೇ, ಹೆಚ್ಚುವರಿ ಸಮಯದ ಆರನೇ ನಿಮಿಷದಲ್ಲಿ. ಈ ಮೂರರಲ್ಲಿ ಯಾವ ಒಂದು ಹೊಡೆತ ಕಂಬಕ್ಕೆ ಬಡಿದಿದ್ದರೂ 18 ಎಂಬ ಸಂಖ್ಯೆಯೇ ಇರುತ್ತಿರಲಿಲ್ಲ, ತಂಡ ಮಾತ್ರ ಅದೇ ತಂಡವಾಗಿರುತ್ತಿತ್ತು. 2021ರ ಜನವರಿಯಲ್ಲಿ ಸಿಟಿ ಎಲ್ಲ ಸ್ಪರ್ಧೆಗಳೂ ಸೇರಿದ ಇನ್ನೊಂದು ಓಟದಲ್ಲಿತ್ತು. ಅದು ಕೊನೆಗೆ 21ಕ್ಕೆ ಮುಟ್ಟಿತು. ಅದರ ನಡುವೆ ಎಫ್‌ಎ ಕಪ್‌ನಲ್ಲಿ ನಾಲ್ಕನೇ ದರ್ಜೆಯ ಚೆಲ್ಟನ್‌ಹ್ಯಾಮ್ ವಿರುದ್ಧ 80 ನಿಮಿಷ ದಾಟುವವರೆಗೂ ಅವರು 0–1 ಹಿಂದಿದ್ದರು. ಕೊನೆಯಲ್ಲಿ ಮೂರು ಗೋಲು ಹೊಡೆದು 3–1 ಗೆದ್ದರು.

ಕೊನೆಯ ಗಳಿಗೆಯ ಗೋಲುಗಳೆಲ್ಲ ಬರೀ ಅದೃಷ್ಟ ಎಂದು ನಾವು ಹೇಳುತ್ತಿಲ್ಲ. ಬೆಂಚ್ ಮೇಲೆ ಒಳ್ಳೆಯ ಆಟಗಾರರಿದ್ದು, ಎದುರಾಳಿ ದಣಿದು ತನ್ನ ಪೆನಾಲ್ಟಿ ಆವರಣಕ್ಕೆ ಸರಿದಾಗ ಒತ್ತಡ ಹೇರುವ ತಂಡ ಇಂಥ ಗೋಲುಗಳನ್ನು ಸಂಪಾದಿಸುತ್ತದೆ. ಐದು ಬದಲಿ ಆಟಗಾರರ ನಿಯಮ ಬಂದ ಮೇಲೆ ದುಡ್ಡಿರುವ ಕ್ಲಬ್‌ಗಳಿಗೆ ಈ ಅನುಕೂಲ ಇನ್ನೂ ಹೆಚ್ಚಾಗಿದೆ. ಆದರೆ ಸರಣಿಯ ಗೆಲುವುಗಳಲ್ಲಿ ಹೆಚ್ಚಿನವು ಒಂದೇ ಗೋಲಿನ ಅಂತರದವಾಗಿದ್ದು, ಅವಕಾಶಗಳ ಲೆಕ್ಕದಲ್ಲಿ ಎದುರಾಳಿ ಸರಿಸಮನಾಗಿದ್ದರೆ, ಆ ಓಟ ಬೇಗ ನಿಲ್ಲುತ್ತದೆ ಎಂದುಕೊಳ್ಳುವುದೇ ಮೇಲು. ಗೋಲು ವ್ಯತ್ಯಾಸ ನೋಡಿ, ನಿರೀಕ್ಷಿತ ಗೋಲುಗಳ (ಅವಕಾಶಗಳ ಗುಣಮಟ್ಟದಿಂದ ಅಂದಾಜು ಮಾಡಿದ ಗೋಲುಗಳ) ಅಂಕಿ ಸಿಕ್ಕರೆ ಅದನ್ನೂ ನೋಡಿ. ಪೆನಾಲ್ಟಿಗಳನ್ನು ಮಾತ್ರ ಬೇರೆ ಇಡಿ: ಒಂದೊಂದಕ್ಕೆ ಸುಮಾರು 0.78 ಗೋಲಿನ ಬೆಲೆ ಇರುವುದರಿಂದ ಎರಡು ಪೆನಾಲ್ಟಿ ಸಿಕ್ಕ ದಿನ ಸಾಧಾರಣ ಆಟವೂ ಪ್ರಾಬಲ್ಯದಂತೆ ಕಾಣುತ್ತದೆ.

ಎದುರಾಳಿಗಳ ಪ್ರಶ್ನೆಗೆ ಬರೋಣ. ವೇಲ್ಸ್‌ನ ದಿ ನ್ಯೂ ಸೇಂಟ್ಸ್ 2016ರ ಡಿಸೆಂಬರ್‌ನಲ್ಲಿ ಎಲ್ಲ ಸ್ಪರ್ಧೆಗಳೂ ಸೇರಿ ಸತತ 27ನೇ ಪಂದ್ಯ ಗೆದ್ದು, ನೆದರ್ಲೆಂಡ್ಸ್‌ನ 1971–72ರ ಅಯಾಕ್ಸ್ ತಂಡದ 26ರ ದಾಖಲೆ ಮುರಿಯಿತು. 26 ಗೆದ್ದ ಅಯಾಕ್ಸ್ ಆ ಋತುವಿನಲ್ಲಿ ಡಚ್ ಲೀಗ್, ಡಚ್ ಕಪ್, ಯುರೋಪಿಯನ್ ಕಪ್ ಮೂರನ್ನೂ ಎತ್ತಿತು. 27 ಗೆದ್ದ ನ್ಯೂ ಸೇಂಟ್ಸ್ 2016–17ರ ಚಾಂಪಿಯನ್ಸ್ ಲೀಗ್‌ನಲ್ಲಿ ಸೈಪ್ರಸ್‌ನ ಅಪೋಯೆಲ್‌ಗೆ ಸೋತು ಅರ್ಹತಾ ಸುತ್ತಿನಲ್ಲೇ ಹೊರಬಿದ್ದಿತ್ತು. ನ್ಯೂ ಸೇಂಟ್ಸ್ ಆಟಗಾರರನ್ನು ಇದಕ್ಕಾಗಿ ಹಂಗಿಸಬೇಕಿಲ್ಲ, ಮುಂದೆ ಬಂದವರನ್ನು ಅವರು ಸೋಲಿಸಿದರು. ಎರಡನ್ನೂ ಒಂದೇ ಪಟ್ಟಿಯಲ್ಲಿಟ್ಟು ಮೇಲೆ ಕೆಳಗೆ ಮಾಡಿದ್ದು ತಪ್ಪು. ಆ ದಾಖಲೆಯೂ ನಿಲ್ಲಲಿಲ್ಲ. ಸೌದಿ ಅರೇಬಿಯಾದ ಅಲ್ ಹಿಲಾಲ್ 2023–24ರಲ್ಲಿ ಅದನ್ನು 34ಕ್ಕೆ ಒಯ್ದಿತು. ಕುಲಿಬಾಲಿ, ರೂಬೆನ್ ನೆವೆಸ್, ಮಿಟ್ರೊವಿಚ್‌ರಂಥವರನ್ನು ಒಂದೇ ಬೇಸಿಗೆಯಲ್ಲಿ ಕೊಂಡ ತಂಡ ಅದು. ಸ್ವದೇಶದಲ್ಲಿ ಅದರ ಗೆಲುವಿನ ಸಂಭವ ಪಂದ್ಯಕ್ಕೆ ಶೇ 95 ಇತ್ತೆಂದು ಭಾವಿಸಿದರೆ ಸತತ 34 ಗೆಲ್ಲುವ ಸಂಭವ ಶೇ 17, ಶೇ 90 ಎಂದರೆ ಶೇ 3ಕ್ಕೂ ಕಡಿಮೆ. ಆಧಾರದ ಅಂಕಿಯಲ್ಲಿ ಐದು ಅಂಶ ಅತ್ತಿತ್ತ ಆದರೆ ತೀರ್ಪು ಹೀಗೆ ತಲೆಕೆಳಗಾಗುತ್ತದೆ. 2024ರ ಏಪ್ರಿಲ್‌ನಲ್ಲಿ ಏಷ್ಯನ್ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಯುಎಇಯ ಅಲ್ ಐನ್ 4–2ರಿಂದ ಆ ಓಟ ನಿಲ್ಲಿಸಿತು, ಮುಂದೆ ಕಪ್ಪನ್ನೂ ಗೆದ್ದಿತು.

ಎದುರಾಳಿಯನ್ನು ಲೆಕ್ಕಕ್ಕೆ ತರಲು, ಹಿಂದಿನ ಫಲಿತಾಂಶಗಳಿಂದ ತಂಡದ ಬಲ ಅಳೆಯುವ ಈಲೋ ಅಂಕಗಳು ಸಾಕು. ಎರಡು ತಂಡಗಳ ನಡುವೆ 200 ಅಂಕಗಳ ಅಂತರವಿದ್ದರೆ ಬಲಶಾಲಿಯ ನಿರೀಕ್ಷಿತ ಫಲ 0.76, 400 ಇದ್ದರೆ 0.91. ಇಲ್ಲಿ ಹಲವರು ಎಡವುತ್ತಾರೆ: ಆ 0.76 ಗೆಲುವಿನ ಸಂಭವವಲ್ಲ, ಅದರಲ್ಲಿ ಡ್ರಾವನ್ನು ಅರ್ಧ ಗೆಲುವೆಂದು ಎಣಿಸಲಾಗಿದೆ. ಡ್ರಾ ಸಂಭವ 0.20 ಇದ್ದರೆ ಅದರ ಅರ್ಧ ಕಳೆದು ಗೆಲುವಿನ ಸಂಭವ 0.66 ಎಂದು ಇಟ್ಟುಕೊಳ್ಳಬೇಕು. ತವರು ಮೈದಾನದ ಲಾಭವನ್ನೂ ಸೇರಿಸಿ. ಹೆಚ್ಚಿನ ಪಂದ್ಯಗಳು ಪ್ರೇಕ್ಷಕರಿಲ್ಲದೆ ನಡೆದ 2020–21ರ ಋತುವಿನಲ್ಲಿ ಆ ಲಾಭ ಬಹುತೇಕ ಕರಗಿತ್ತು, ಪ್ರೀಮಿಯರ್ ಲೀಗ್‌ನಲ್ಲಿ ತವರಿಗಿಂತ ಹೊರಗಿನ ಗೆಲುವುಗಳೇ ಹೆಚ್ಚಾಗಿದ್ದವು. ಹಾಗಾಗಿ ಸಿಟಿಯ ಆ 21ನ್ನು ಅಳೆಯುವವರು ಹಿಂದಿನ ವರ್ಷಗಳ ತವರು-ಹೊರಗು ಅಂಕಿಗಳನ್ನು ಹಾಗೆಯೇ ಎತ್ತಿಕೊಳ್ಳುವಂತಿಲ್ಲ.

ಆಮೇಲೆ ಪಂದ್ಯ ಪಂದ್ಯದ ಸಂಭವವನ್ನು ಗುಣಿಸುತ್ತಾ ಹೋಗಿ. ಹತ್ತೂ ಪಂದ್ಯ 0.85ರವಾದರೆ ಗುಣಲಬ್ಧ ಶೇ 20ರ ಹತ್ತಿರ. ಐದು 0.85ರವು, ಐದು 0.50ರವು ಆದರೆ ಶೇ 1.4. ಎರಡನ್ನೂ 'ಸತತ ಹತ್ತು' ಎಂದೇ ಬರೆಯುತ್ತೀರಿ, ಎರಡನೆಯದು ಹದಿನಾಲ್ಕು ಪಟ್ಟು ಅಪರೂಪ. ಸರಾಸರಿಯ ಮೇಲೆ ಲೆಕ್ಕ ಮಾಡಿ ಸಮಯ ಉಳಿಸಲು ಹೋಗಬೇಡಿ: ಎರಡನೆಯದರ ಸರಾಸರಿ 0.675, ಅದನ್ನೇ ಹತ್ತು ಸಲ ಗುಣಿಸಿದರೆ ಶೇ 2 ಬರುತ್ತದೆ, ಇರುವುದಕ್ಕಿಂತ ಸುಲಭವೆಂದು ತೋರಿಸುತ್ತದೆ.

ಅಜೇಯ ಓಟದ ವಿಷಯದಲ್ಲಂತೂ ಗೊಂದಲ ಇನ್ನೂ ಹೆಚ್ಚು. ಸೋಲದಿರುವುದೂ ಗೆಲ್ಲುವುದೂ ಬೇರೆ ಬೇರೆ. 1978–79ರಲ್ಲಿ ಇಟಲಿಯ ಪೆರುಜಾ 30 ಲೀಗ್ ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ, 11 ಗೆಲುವು, 19 ಡ್ರಾ. ಪ್ರಶಸ್ತಿ ಹೋದದ್ದು ಮಿಲಾನ್‌ಗೆ. 2010ರ ವಿಶ್ವಕಪ್‌ನಲ್ಲಿ ಸೋಲದ ಏಕೈಕ ತಂಡ ನ್ಯೂಜಿಲೆಂಡ್. ಮೂರೂ ಡ್ರಾ ಮಾಡಿಕೊಂಡು ಗುಂಪು ಹಂತದಲ್ಲೇ ಮನೆಗೆ ಹೋಯಿತು. 2003–04ರ ಆರ್ಸೆನಲ್ 38ರಲ್ಲಿ 26 ಗೆದ್ದು 12 ಡ್ರಾ ಮಾಡಿ 90 ಅಂಕ ಗಳಿಸಿತು. ಮುಂದಿನ ವರ್ಷ ಚೆಲ್ಸಿ ಒಂದು ಪಂದ್ಯ ಸೋತು 95 ಅಂಕ ಗಳಿಸಿತು. 2017–18ರ ಸಿಟಿ ಎರಡು ಸೋತು 100. ಗೆಲುವಿಗೆ ಮೂರು ಅಂಕ ಇರುವಾಗ ಒಂದು ಗೆಲುವು ಮತ್ತು ಒಂದು ಸೋಲು ಎರಡು ಡ್ರಾಗಳಿಗಿಂತ ಮೇಲು. ಆದರೂ ಆರ್ಸೆನಲ್‌ನ ಅಜೇಯ ಋತುವಿಗೆ ಇರುವ ಪ್ರಭಾವಳಿ ಚೆಲ್ಸಿಯ 95ಕ್ಕೆ ಇಲ್ಲ. ಆರ್ಸೆನಲ್‌ನ ಆ ಓಟ ಮುಂದಿನ ಋತುವಿಗೂ ದಾಟಿ 49ಕ್ಕೆ ಹೋಯಿತು, ಅದು ಸಣ್ಣ ಸಾಧನೆಯೇನಲ್ಲ. ಆದರೆ ಬರೀ ಅಂಕಗಳ ತಕ್ಕಡಿಯಲ್ಲಿ ಚೆಲ್ಸಿಯ ಋತು ತೂಕದ್ದು ಎಂದು ಹೇಳಲು ನಮಗೆ ಹಿಂಜರಿಕೆ ಇಲ್ಲ.

ರಾಷ್ಟ್ರೀಯ ತಂಡಗಳ ಓಟಗಳಲ್ಲಿ ಪೆನಾಲ್ಟಿ ಶೂಟೌಟ್‌ನ ನಿಯಮವೂ ಸೇರಿಕೊಳ್ಳುತ್ತದೆ. ಶೂಟೌಟ್‌ಗೆ ಹೋದ ಪಂದ್ಯ ದಾಖಲೆಯಲ್ಲಿ ಡ್ರಾ. ಇಟಲಿಯ 37 ಪಂದ್ಯಗಳ ಅಜೇಯ ಓಟದೊಳಗೆ ಯುರೋ 2020ರ ಸೆಮಿಫೈನಲ್, ಫೈನಲ್ ಎರಡೂ ಹಾಗೆ ಡ್ರಾ ಎಂದೇ ನಮೂದಾಗಿವೆ. ಆ ಓಟದಲ್ಲಿ ಲಿಕ್ಟನ್‌ಸ್ಟೈನ್, ಸ್ಯಾನ್ ಮರಿನೊ, ಮೊಲ್ಡೊವಾ ಇದ್ದವು, ಬೆಲ್ಜಿಯಂ, ಸ್ಪೇನ್, ಇಂಗ್ಲೆಂಡ್ ಕೂಡ ಇದ್ದವು. 2021ರ ಅಕ್ಟೋಬರ್‌ನಲ್ಲಿ ಸ್ಪೇನ್ ಅದನ್ನು ಮುರಿಯಿತು. ಐದು ತಿಂಗಳ ಬಳಿಕ ಉತ್ತರ ಮ್ಯಾಸಿಡೋನಿಯಾ ವಿರುದ್ಧ 0–1 ಸೋತು ಅದೇ ಇಟಲಿ ವಿಶ್ವಕಪ್ ಅರ್ಹತೆಯನ್ನೇ ಕಳೆದುಕೊಂಡಿತು. 36 ಪಂದ್ಯ ಸೋಲದೆ ಬಂದ ಅರ್ಜೆಂಟೀನಾ 2022ರ ವಿಶ್ವಕಪ್‌ನ ಮೊದಲ ಪಂದ್ಯದಲ್ಲೇ ಸೌದಿ ಅರೇಬಿಯಾಕ್ಕೆ 1–2 ಸೋತು, ಆಮೇಲೆ ಕಪ್ ಗೆದ್ದಿತು. ಮುಂದೇನು ಎಂದು ಹೇಳುವ ಶಕ್ತಿ ಸರಣಿಗೆ ಎಷ್ಟಿದೆ ಎಂಬುದಕ್ಕೆ ಈ ಎರಡನ್ನು ಅಕ್ಕಪಕ್ಕ ಇಟ್ಟರೆ ಸಾಕು.

'ಗೆದ್ದ ತಂಡಕ್ಕೆ ಆತ್ಮವಿಶ್ವಾಸ ಬರುತ್ತದೆ, ಗೆಲುವೇ ಗೆಲುವನ್ನು ತರುತ್ತದೆ' ಎಂಬ ವಾದ ನಮಗೆ ಗೊತ್ತು. ಇರಬಹುದು. ಗೆಲ್ಲುತ್ತಿರುವಾಗ ಕೋಚ್ ಹನ್ನೊಂದನ್ನು ಕದಲಿಸುವುದಿಲ್ಲ, ಹೊಂದಾಣಿಕೆ ಬೆಳೆಯುತ್ತದೆ. ಅದೇ ವೇಳೆ ಎದುರಾಳಿಗಳು ಹತ್ತು ಮಂದಿಯನ್ನು ಹಿಂದಕ್ಕೆ ನಿಲ್ಲಿಸಿ ಡ್ರಾಗೆ ಆಡುತ್ತಾರೆ, ದಣಿವೂ ಸೇರುತ್ತದೆ. ಒಂದು ಋತುವಿನ ಅಂಕಿಗಳಿಂದ ಇದನ್ನು ಇತ್ಯರ್ಥ ಮಾಡಲು ಆಗುವುದಿಲ್ಲ: 32 ಗೆದ್ದ ತಂಡದಲ್ಲಿ 'ಗೆಲ್ಲದ ಪಂದ್ಯದ ನಂತರದ ಪಂದ್ಯ' ಇರುವುದೇ ಹೆಚ್ಚೆಂದರೆ ಆರು. ಆರು ಪಂದ್ಯ ನೋಡಿ ಮನೋಬಲದ ಬಗ್ಗೆ ಅರ್ಧ ಪುಟ ಬರೆಯುವುದನ್ನು ದಯವಿಟ್ಟು ಬಿಡಿ.

ಸರಣಿ ಮುರಿದ ದಿನ ನೀವು ಬರೆಯುವ 'ಗರ್ವಭಂಗ'ದ ಬಗ್ಗೆಯೂ ಒಂದು ಮಾತು. 2013–14ರಲ್ಲಿ ಬಯರ್ನ್ ಮ್ಯೂನಿಕ್ ಜರ್ಮನಿಯ ಬುಂಡೆಸ್‌ಲೀಗಾದಲ್ಲಿ ಸತತ 19 ಗೆದ್ದು, ಮಾರ್ಚ್‌ನಲ್ಲೇ, ಏಳು ಪಂದ್ಯ ಬಾಕಿ ಇರುವಾಗಲೇ ಪ್ರಶಸ್ತಿ ಖಚಿತಪಡಿಸಿಕೊಂಡಿತು. ಮುಂದಿನ ಪಂದ್ಯದಲ್ಲೇ ಹೊಫೆನ್‌ಹೈಮ್ ವಿರುದ್ಧ 3–3. ಅದರ ನಂತರ ಮುಖ್ಯ ಆಟಗಾರರಿಗೆ ವಿಶ್ರಾಂತಿ ಕೊಟ್ಟು ಆಗ್ಸ್‌ಬರ್ಗ್‌ಗೆ 0–1 ಸೋತಿತು. ಅಲ್ಲಿಗೆ ಲೀಗ್‌ನಲ್ಲಿ 53 ಪಂದ್ಯಗಳ ಅಜೇಯ ಓಟ ಮುಗಿಯಿತು. ಲೀಗ್ ಕೈಸೇರಿದ್ದರಿಂದ ಚಾಂಪಿಯನ್ಸ್ ಲೀಗ್ ಮೇಲೆ ಕಣ್ಣಿಟ್ಟ ಕೋಚ್ ಲೆಕ್ಕ ಹಾಕಿಯೇ ಮಾಡಿದ ಬದಲಾವಣೆ ಅದು. ನಿಜವಾದ ಪೆಟ್ಟು ಬಿದ್ದದ್ದು ಏಪ್ರಿಲ್ ಕೊನೆಯಲ್ಲಿ, ರಿಯಲ್ ಮ್ಯಾಡ್ರಿಡ್ ಎರಡು ಪಂದ್ಯ ಸೇರಿ 5–0ರಿಂದ ಸೋಲಿಸಿದಾಗ.

ಇಷ್ಟನ್ನೆಲ್ಲ ಪ್ರತಿ ವರದಿಯಲ್ಲೂ ತುರುಕಿ ಎಂದು ಕೇಳುತ್ತಿಲ್ಲ. ಸಂಖ್ಯೆಯ ಕೆಳಗೆ ಒಂದು ಸಾಲಿಗೆ ಜಾಗ ಕೊಡಿ. ಲೀಗ್ ಮಾತ್ರವೋ ಎಲ್ಲ ಸ್ಪರ್ಧೆಗಳೋ, ಎದುರಾಳಿಗಳಲ್ಲಿ ಪಟ್ಟಿಯ ಮೇಲಿನ ಅರ್ಧದವರು ಎಷ್ಟು, ತವರಿನಲ್ಲಿ ಎಷ್ಟು ಹೊರಗೆ ಎಷ್ಟು, ಒಂದೇ ಗೋಲಿನ ಗೆಲುವುಗಳು ಎಷ್ಟು. ಇದರ ಜೊತೆ ಕಳೆದ 38 ಪಂದ್ಯಗಳ ಒಟ್ಟು ಗೆಲುವು. 'ಕಳೆದ 14ರಲ್ಲಿ 12' ಎಂಬಂಥ ಲೆಕ್ಕ ಬೇಡ. 14 ಎಂಬ ಗಡಿ ಬಂದದ್ದೇ 15ನೆಯದು ಸೋಲಾಗಿದ್ದರಿಂದ. ಈಲೋ ಅಂಕವಾಗಲಿ ನಿರೀಕ್ಷಿತ ಗೋಲುಗಳಾಗಲಿ ಸಿಗದ ಸಣ್ಣ ಲೀಗ್‌ಗಳಲ್ಲೂ ಪಂದ್ಯದ ದಿನ ಎದುರಾಳಿ ಪಟ್ಟಿಯಲ್ಲಿ ಎಷ್ಟನೇ ಸ್ಥಾನದಲ್ಲಿತ್ತು ಎಂಬುದು ಸಿಕ್ಕೇ ಸಿಗುತ್ತದೆ. ಅದನ್ನಾದರೂ ಆವರಣದಲ್ಲಿ ಹಾಕಿ.

ಇಂತಿ,
ಅಂಕಿಪಟ್ಟಿಯನ್ನೂ ಪಂದ್ಯವನ್ನೂ ಜೊತೆಯಲ್ಲೇ ನೋಡುವ ಕೆಲವು ಓದುಗರು